ಮುಳುಗಡೆ ಕಲ್ಲು ಎಲ್ಲಿತ್ತು

ಆ ಸಭೆಯ ಬಗ್ಗೆ ನನ್ನ ಡೈರಿಯಲ್ಲಿ ಮೂರು ಪುಟಗಳಿವೆ. ಅವುಗಳಲ್ಲಿ ಒಂದು ಪುಟಕ್ಕೆ ಮರುದಿನವೇ ಅಡ್ಡಗೆರೆ ಎಳೆದಿದ್ದೇನೆ. ಹರಿದು ಹಾಕಬಹುದಿತ್ತು, ಹಾಕಲಿಲ್ಲ. ಬರೆಯುವಾಗ ಆ ಪುಟ ನನಗೆ ಸತ್ಯವೇ ಆಗಿತ್ತು. ನಡೆಯದ ಸಂಗತಿಯೊಂದು ಎಷ್ಟು ನಿಚ್ಚಳವಾಗಿ ನೆನಪಿರಬಲ್ಲದು ಎಂಬುದು ನನ್ನ ಕಣ್ಣೆದುರಿಗೇ ಇರಲಿ ಎಂದು ಬಿಟ್ಟಿದ್ದೇನೆ.

ನಾನು ಸಿಂದಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಅಕ್ಕ ಇರುವುದು ನಿಡಗುಂದಿಯ ಆಚೆ, ಹಿನ್ನೀರಿನ ದಂಡೆಯ ಪುನರ್ವಸತಿ ಊರಿನಲ್ಲಿ. ನಾವಿಬ್ಬರೂ ಹುಟ್ಟಿದ ಹಳೆಯ ಊರು ಈಗ ನೀರಿನಡಿ ಇದೆ. ಊರು ಹೋಯಿತು, ಬಾವಿ ಹೋಯಿತು, ಹೊಳೆಯ ಪಕ್ಕದ ಕರಿಮಣ್ಣಿನ ಹೊಲ ಹೋಯಿತು. ದಿಬ್ಬದ ಮೇಲಿನ ಒಂದು ಪಟ್ಟಿ ಮಾತ್ರ ಉಳಿಯಿತು. ಗಂಡ ತೀರಿಕೊಂಡ ಮೇಲೆ ಅಕ್ಕ ತವರಿಗೆ ಬಂದಳು. ಅಪ್ಪ ಸಾಯುವ ಮುಂಚೆ ಆ ಪಟ್ಟಿಯನ್ನು ಅವಳ ಹೆಸರಿಗೆ ಮಾಡಿಸಿದ.

ಈ ಬೇಸಿಗೆಯಲ್ಲಿ ಆ ದಿಬ್ಬದ ಮೇಲೆ ಕೆಂಪು ಬಾವುಟಗಳು ಎದ್ದವು. ನೀರಿಗೆ ಮುಖ ಮಾಡಿದ ಮನೆಗಳ ಲೇಔಟ್ ಆಗುತ್ತದೆಯಂತೆ. ವಾರಾಂತ್ಯಕ್ಕೆ ಬರುವವರಿಗೆ, ನಿವೃತ್ತರಾದವರಿಗೆ, ಊರ ಜನರಲ್ಲಿ ಜಾಗ ಕೊಟ್ಟವರಿಗೆ. ಅಕ್ಕ ತನ್ನ ಪಟ್ಟಿಯನ್ನು ಕೊಟ್ಟರೆ ಮೊದಲ ಸಾಲಿನಲ್ಲಿ ಅವಳಿಗೊಂದು ಮನೆ ಕಟ್ಟಿಕೊಡುತ್ತೇವೆ ಎಂದು ಕಂಪನಿಯವರು ಹೇಳಿದ್ದರು. ಅವರು ಕೊಟ್ಟ ಬಣ್ಣದ ಚಿತ್ರವನ್ನು ಅವಳು ಕ್ಯಾಲೆಂಡರಿನ ಪಕ್ಕದಲ್ಲಿ ಗೋಡೆಗೆ ಅಂಟಿಸಿದ್ದಳು. ಚಿತ್ರದಲ್ಲಿ ನೀರು ಆಕಾಶಕ್ಕಿಂತ ನೀಲಿ. ಅಡುಗೆಮನೆಯ ಕಿಟಕಿಯ ಮೇಲೆ ಅಕ್ಕ ಕುಂಕುಮದ ಬೊಟ್ಟು ಇಟ್ಟಿದ್ದಳು.

"ಇಲ್ಲಿ ಒಲಿ," ಎಂದು ಬೆರಳಿಟ್ಟು ತೋರಿಸಿದಳು. "ರೊಟ್ಟಿ ಬಡಕೋತ ನೀರು ನೋಡಬೇಕು ತಮ್ಮಾ. ನಮ್ಮ ಮನಿ ಅದರ ಕೆಳಗ ಐತಿ. ಈ ತಗಡಿನ ಕೆಳಗ ಕುಂತು ಇಷ್ಟು ವರ್ಷ ಬರೇ ಎದುರಿನವರ ಬಚ್ಚಲ ನೋಡೇನಿ."

ಅವಳ ಈಗಿನ ಮನೆಯ ಕಿಟಕಿ ತೆರೆದರೆ ಕಾಣುವುದು ನಿಜವಾಗಿಯೂ ಅದೇ. ಇನ್ನು ತಗಡು. ಗಾಳಿ ಬಂದರೆ ಒಂದು ಮೂಲೆ ಎದ್ದು ಬಡಿದುಕೊಳ್ಳುತ್ತದೆ. ಪ್ರತಿ ಸಲ ಹೋದಾಗಲೂ ಮೊಳೆ ಹೊಡೆಸುತ್ತೇನೆ ಎನ್ನುತ್ತೇನೆ, ಸಂಜೆಯ ಬಸ್ಸಿನ ಹೊತ್ತಾಗುತ್ತದೆ.

ಪಂಚಾಯತಿಯವರು ಜನರ ಅಭಿಪ್ರಾಯ ಕೇಳಲು ಸಭೆ ಕರೆದಿದ್ದರು. ಹಿಂದಿನ ದಿನ ಅಕ್ಕ ಫೋನು ಮಾಡಿ ನನ್ನನ್ನು ಕರೆಸಿಕೊಂಡಳು. ತನ್ನ ಅಭಿಪ್ರಾಯವನ್ನು ನಾನು ಬರೆದುಕೊಡಬೇಕಂತೆ.

"ನೀನೇ ಬರಿ. ಏಳನೇತ್ತಾ ತನಕ ಸಾಲಿ ಕಲ್ತಿಲ್ಲೇನ?"

"ನನ್ನ ಅಕ್ಷರ ಜ್ವಾಳ ಚೆಲ್ಲಿದಂಗ ಇರ್ತಾವು. ನೀ ಕಾಲೇಜಿನ್ಯಾಗ ಪಗಾರ ತಗೊಳ್ಳಾಕತ್ತಿ, ಒಂದು ಕಾಗದ ಬರಿಯಾಕ ಏನಾತು?"

ಬರೆದೆ. 'ನನ್ನ ಸಂಪೂರ್ಣ ಒಪ್ಪಿಗೆ ಇದೆ' ಎಂದು ಬರೆದೆ. ಬರೆಯುವಾಗ ಕೈ ನಿಂತಿತು. ಅದಕ್ಕೆ ಕಾರಣ ದಿಬ್ಬದ ಕೆಳಗೆ ನಿಂತಿರುವ ಒಂದು ಕಲ್ಲು.

ಅಣೆಕಟ್ಟೆ ತುಂಬುವ ಮೊದಲು, ನೀರು ಎಲ್ಲಿಯವರೆಗೆ ಬರುತ್ತದೆ ಎಂದು ತೋರಿಸಲು ಹೊಲಗಳಲ್ಲಿ ಕಲ್ಲು ನೆಟ್ಟಿದ್ದರು. ಸೊಂಟದೆತ್ತರದ ಕಲ್ಲು, ಬಿಳಿ ಬಣ್ಣ, ಕಪ್ಪು ಅಂಕಿ. ಮುಳುಗಡೆ ಕಲ್ಲು ಎನ್ನುತ್ತಿದ್ದೆವು. ಕಲ್ಲಿನ ಕೆಳಗಿನದು ಸರಕಾರಕ್ಕೆ, ಮೇಲಿನದು ನಮಗೆ. ನಮ್ಮ ಹೊಲದ ಕಲ್ಲು ದಿಬ್ಬದ ನೆತ್ತಿಯ ಹತ್ತಿರ ಬಂದಿತ್ತು. ಅಂದರೆ ಮೇಲಿನ ಪಟ್ಟಿಯೂ ಹೋಗುತ್ತಿತ್ತು. ಬೇಸಿಗೆಯ ಒಂದು ಮಧ್ಯಾಹ್ನ, ಊರೆಲ್ಲ ಮದುವೆಯ ಊಟಕ್ಕೆ ಹೋದಾಗ, ಅಪ್ಪ ಅದನ್ನು ಕಿತ್ತು ಚಕ್ಕಡಿಯಲ್ಲಿ ಹಾಕಿ ಇಳಿಜಾರಿನಲ್ಲಿ ಕೆಳಗೆ ಒಯ್ದು ನೆಟ್ಟ. ನಾನು ಜೊತೆಗಿದ್ದೆ. ಕಬ್ಬಿಣದ ಹಾರೆಯಿಂದ ಮೀಟಿದ್ದೆ. ಮದುವೆ ಮನೆಯ ಹಲಗೆವಾದ್ಯದ ಸದ್ದು ಹೊಲದವರೆಗೂ ಬರುತ್ತಿತ್ತು. ಅಂಗೈಯಲ್ಲಿ ಎದ್ದ ಬೊಬ್ಬೆ ಎರಡು ದಿನ ಉರಿಯಿತು. ಆಮೇಲೆ ಅಳೆಯುವವರು ಬಂದು ಕಲ್ಲು ಇದ್ದ ಜಾಗವನ್ನು ಬರೆದುಕೊಂಡು ಹೋದರು. ಮೇಲಿನ ಪಟ್ಟಿ ಉಳಿಯಿತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಲೇಔಟಿನ ನಕ್ಷೆಯನ್ನು ಬಿಡಿಸಿ ನೋಡಿದೆ. ಮೊದಲ ಸಾಲಿನ ಮನೆಗಳನ್ನು ಆ ಕಲ್ಲಿನಿಂದಲೇ ಅಳೆದು ಗುರುತು ಹಾಕಿದ್ದರು. ನೀರು ಬರುವ ನಿಜವಾದ ಗೆರೆ ಆ ಸಾಲಿಗಿಂತ ಮೇಲಿತ್ತು. ಹೇಳಿದರೆ ಅಕ್ಕನ ಕಿಟಕಿ ಹೋಗುತ್ತದೆ. ಹೇಳದಿದ್ದರೆ ಆ ಸಾಲಿನಲ್ಲಿ ಯಾರು ಯಾರೋ ಬಂದು ಇರುತ್ತಾರೆ, ಅಕ್ಕನೂ ಇರುತ್ತಾಳೆ. ಅಕ್ಕನಿಗೆ ಈ ಸಂಗತಿ ಗೊತ್ತಿಲ್ಲವೆಂದೇ ನಾನು ತಿಳಿದಿದ್ದೆ.

ಸಭೆ ಶಾಲೆಯ ಅಂಗಳದ ಬೇವಿನ ಗಿಡದ ಕೆಳಗೆ. ಪಂಚಾಯತಿ ಅಧ್ಯಕ್ಷೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಪಕ್ಕದಲ್ಲಿ ಕಂಪನಿಯ ಎಂಜಿನಿಯರು. ಅವನು ಬೆಂಗಳೂರು ಕಡೆಯ ತರುಣ, ಕುತ್ತಿಗೆಗೆ ಟವೆಲ್ಲು ಸುತ್ತಿಕೊಂಡು ಬೆವರುತ್ತಿದ್ದ. ನಮ್ಮವರು ಮಾತಾಡುವುದನ್ನು ಕಂಡು ಜಗಳವೆಂದು ತಿಳಿದು ಎರಡು ಸಲ ಎದ್ದು ನಿಂತ.

"ಕುಂದರ್ರಿ ಸಾಹೇಬ್ರ," ಎಂದಳು ಅಧ್ಯಕ್ಷೆ. "ಇದು ಜಗಳಲ್ಲ, ಅಭಿಪ್ರಾಯ."

ಅಭಿಪ್ರಾಯಗಳು ಬಂದವು. ಮೀನು ಹಿಡಿಯುವವನೊಬ್ಬ, "ಬಲಿ ಎಲ್ಲಿ ಒಣಗಸಬೇಕ್ರಿ? ಅವರ ಬಾಲ್ಕನಿಗೆ ಹಾಕೂಣೇನು?" ಎಂದ. ಹಿಂದಿನಿಂದ ಒಂದು ಹೆಣ್ಣುದನಿ, "ಲೇಔಟ್ ಆದ್ರ ಬಸ್ ಬರ್ತೈತಿ. ಹೆರಿಗಿಗೆ ಬ್ಯಾಗೇವಾಡಿಗೆ ಹೋಗಾಕ ಟಂಟಂ ಕಾಯೂದು ತಪ್ಪತೈತಿ. ನಿನ್ನ ಬಲಿ ಸುಟ್ಟು ಬರ್ಲಿ," ಎಂದಿತು. ಇನ್ನೊಬ್ಬ, ನೀರಿಗೆ ಇಳಿಯುವ ದಾರಿಗೆ ಗೇಟು ಹಾಕಿದರೆ ಎಮ್ಮೆಗಳು ಎಲ್ಲಿ ಕುಡಿಯಬೇಕು ಎಂದು ಕೇಳಿದ. "ಎಮ್ಮಿಗೂ ಪಾಸು ಮಾಡಸ್ತಾರ, ಫೋಟೋ ತಗಿಸಿಡು," ಎಂದು ಯಾರೋ ಅಂದರು. ಎಲ್ಲ ನಕ್ಕರು. ನನ್ನ ಲೆಕ್ಕದಲ್ಲಿ ಊರು ಇದನ್ನು ಒಕ್ಕೊರಲಿನಿಂದ ವಿರೋಧಿಸಬೇಕಿತ್ತು. ಒಮ್ಮೆ ಎಲ್ಲ ಕಳೆದುಕೊಂಡ ಜನ ಎಂದು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ! ಕೈಯೆತ್ತಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲಿ ಎಂದೇ ಹೇಳಿದರು. ಒಬ್ಬ ಮುದುಕನಂತೂ, "ಹೋದ ಸಲ ಕೇಳಲಿಲ್ಲ, ಈ ಸಲ ಕೇಳಾಕತ್ತಾರ. ಅದಕ್ಕ ಹೂಂ ಅಂತೇನಿ," ಎಂದ. ಇದನ್ನು ಕೇಳಿ ನಾನು ಪೆಚ್ಚಾದೆ.

ಅಕ್ಕನ ಕಾಗದ ಓದಿದರು. ನನ್ನ ಭಾಷೆಯನ್ನು ಅಧ್ಯಕ್ಷೆ ತಡವರಿಸುತ್ತ ಓದಿದಳು. ಅಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಿದ್ದಳು.

ಕಾಗದ ಮುಗಿದಾಗ ನಾನು ಎದ್ದು ನಿಂತಿದ್ದೆ. ಏಳಬೇಕೆಂದು ನಿರ್ಧರಿಸಿದ ಕ್ಷಣ ನೆನಪಿಲ್ಲ. "ನೀವು ಅಳೆದಿರೋ ಕಲ್ಲು ಅದರ ಜಾಗದಾಗ ಇಲ್ಲ," ಎಂದೆ. "ನಮ್ಮಪ್ಪ, ನಾನು ಕೂಡಿ ಕಿತ್ತು ಕೆಳಗ ನೆಟ್ಟೇವಿ. ಹಾರಿ ನನ್ನ ಕೈಯಾಗಿತ್ತು." ಬೊಬ್ಬೆಯ ಸಂಗತಿಯನ್ನೂ ಹೇಳಿದೆನೆಂದು ಕಾಣುತ್ತದೆ. ಹಲಗೆಯ ಸದ್ದನ್ನು ಖಂಡಿತ ಹೇಳಿದೆ.

ಊರು ಸುಮ್ಮನಾಗುತ್ತದೆ, ಆಮೇಲೆ ನನ್ನ ಮೇಲೆ ಎಗರಿ ಬೀಳುತ್ತದೆ ಎಂದುಕೊಂಡಿದ್ದೆ. ಮೊದಲು ಕೇಳಿದ್ದು ನಗು. ನಮ್ಮ ಹೊಲದ ಕೆಳಗಿನ ಹೊಲ ಇದ್ದ ಚಾಚಾ ನಗುತ್ತಿದ್ದ. ಎಂಬತ್ತರ ಹತ್ತಿರದ ಮನುಷ್ಯ, ಅಪ್ಪನ ಗೆಳೆಯ. ಕೋಲೂರಿ ಎದ್ದ.

"ಯಾ ಅಲ್ಲಾ, ಮಾಸ್ತರ! ಇದನ್ನ ಇಷ್ಟು ವರ್ಷ ಹೊಟ್ಟ್ಯಾಗ ಇಟ್ಕೊಂಡು ಓಡಾಡಿದೇನು? ನಿಮ್ಮಪ್ಪ ಆ ಕಲ್ಲು ನೆಟ್ಟಿದ್ದು ಎಲ್ಲಿ ಅಂತಿ? ನನ್ನ ಹೊಲದಾಗ! ಎತ್ತು ಹೂಡಿ ಕುಂಟಿ ಹೊಡದ್ರ ಹೋಗಿ ಹೋಗಿ ಅದಕ್ಕ ಬಡೀತಿತ್ತು. ಅಳತಿ ಆದ ಮ್ಯಾಲ ನಾನೇ ಕಿತ್ತು ಮ್ಯಾಲ ತಂದೇನಿ."

"ಮೊದಲಿದ್ದ ಜಾಗಕ್ಕಾ ಚಾಚಾ?" ಎಂದೆ.

"ಅಂದಾಜಿನ ಮ್ಯಾಲ. ಎತ್ತು ದಣದ್ವು, ಅಲ್ಲೇ ಇಳಿಸಿದೆ."

"ನಡುವ ಎರಡು ವರ್ಷ ಆ ಕಲ್ಲು ನನ್ನ ಹಂತೇಕ ಇತ್ತು," ಎಂದಳು ಮುಂದಿನ ಸಾಲಿನ ಮುದುಕಿಯೊಬ್ಬಳು, ಅದೇನು ದೊಡ್ಡ ಮಾತೇ ಎಂಬಂತೆ. "ಬಟ್ಟಿ ಒಗಿಯಾಕ ಒಯ್ದಿದ್ದೆ. ನುಣ್ಣಗಿತ್ತು. ಆಮ್ಯಾಲ ಅಂಜಿ ಬಂದು ತಿರುಗಿ ಇಡಸಿದೆ."

"ಎಲ್ಲಿ ಇಡಸಿದಿ ಬೇ?" ಎಂದು ಯಾರೋ ಕೇಳಿದರು.

"ಹೊಲದಾಗ. ಮತ್ತೆಲ್ಲಿ, ನಿನ್ನ ತಲಿ ಮ್ಯಾಲೇನು?"

ಅಂಗಳವೆಲ್ಲ ಗೊಳ್ಳೆಂದಿತು. ಇಷ್ಟು ವರ್ಷ ನಾನು ಒಬ್ಬನೇ ಹೊತ್ತಿದ್ದೇನೆಂದುಕೊಂಡ ಗುಟ್ಟು ಊರಿಗೆಲ್ಲ ಗೊತ್ತಿತ್ತು. ಗೊತ್ತಿತ್ತು ಮಾತ್ರವಲ್ಲ, ಅದರ ಮೇಲೆ ಬಟ್ಟೆ ಒಗೆದಿದ್ದರು. ಯಾರೂ ನನಗೆ ಹೇಳಿರಲಿಲ್ಲ, ಏಕೆಂದರೆ ಹೇಳುವಂಥದ್ದು ಅದರಲ್ಲಿದೆ ಎಂದು ಯಾರಿಗೂ ಅನಿಸಿರಲಿಲ್ಲ.

ಎಂಜಿನಿಯರು ನಗಲಿಲ್ಲ. ಕಾಗದದ ಮೇಲೆ ಪೆನ್ನು ಹಿಡಿದು, "ಅಂದರೆ ಕೆಳಗೆ ಹೋಗಿದ್ದ ಕಲ್ಲು ವಾಪಸ್ ಬಂದಿದೆ. ಈಗ ಅದು ಸರಿಯಾದ ಜಾಗದಲ್ಲಿದೆ ಅಂತ ಬರ್ಕೊಳ್ಳಬಹುದಲ್ವಾ?" ಎಂದ. ಅವನ ದನಿಯಲ್ಲಿ ಬೇಡುವ ಧಾಟಿಯಿತ್ತು.

"ಬರ್ಕೋರಿ, ಬರ್ಕೋರಿ," ಎಂದು ಅಲ್ಲಲ್ಲಿ ದನಿ ಕೇಳಿತು. ಚಾಚಾ ನನ್ನತ್ತ ತಿರುಗಿ, "ಕುಂದ್ರು ಬೇಟಾ, ಮುಗೀತು," ಎಂದ. ನಾನು ಕುಳಿತೆ. ನಾಚಿಕೆಯ ಜೊತೆಗೆ ದೊಡ್ಡ ನೆಮ್ಮದಿಯೂ ಆಯಿತು. ನನ್ನ ಕೆಲಸ ನಾನು ಮಾಡಿದ್ದೆ, ಆದರೂ ಅಕ್ಕನ ಕಿಟಕಿ ಉಳಿದಿತ್ತು.

ಆಗ ಅಕ್ಕ ಎದ್ದಳು.

"ಸಾಹೇಬ್ರ, ಕಲ್ಲಿನ ಮಾತು ಬಿಡ್ರಿ," ಎಂದಳು. "ಕಲ್ಲು ನಡದಾಡತಾವು. ನೀರು ಎಲ್ಲಿ ತನಕ ಬಂದಿತ್ತು ಅಂತ ಕೇಳ್ರಿ."

ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು. ಬಟ್ಟೆ ಒಗೆದ ಮುದುಕಿ, "ಸುಮ್ನ ಕುಂದ್ರು ನೀ," ಎಂದು ಅಕ್ಕನ ಸೀರೆಯನ್ನು ಹಿಡಿದು ಜಗ್ಗಿದಳು. ಅಕ್ಕ ಬಿಡಿಸಿಕೊಂಡಳು. "ಬರ್ರಿ, ತೋರಸ್ತೇನಿ."

ಇಲ್ಲಿ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಹಳೆಯ ಊರಿನಲ್ಲಿ ಹೊಳೆಯ ದಂಡೆಗೆ ನೀರಿನ ದೇವತೆ ಗಂಗವ್ವನ ಕಟ್ಟೆ ಇತ್ತು. ಅದು ಮುಳುಗಿದ ಮೇಲೆ ಹೆಂಗಸರು ತಾವೇ ಒಂದು ದಾರಿ ಕಂಡುಕೊಂಡರು. ಶ್ರಾವಣ ಕಳೆದು ಹಿನ್ನೀರು ಏರಿ ನಿಂತ ಮೇಲೆ ಒಂದು ದಿನ ಎಲ್ಲರೂ ದಂಡೆಗೆ ಹೋಗುತ್ತಾರೆ. ನೀರಿನ ಅಂಚು ಎಲ್ಲಿ ಮುಟ್ಟಿದೆಯೋ ಅಲ್ಲೇ ಐದು ಸಣ್ಣ ಕಲ್ಲುಗಳನ್ನಿಟ್ಟು, ಸುಣ್ಣ ಬಳಿದು, ಉಡಿ ತುಂಬಿ ಬರುತ್ತಾರೆ. ಚಾಚಾನ ಮನೆಯ ಹೆಂಗಸರೂ ಸಕ್ಕರೆ ತರುತ್ತಾರೆ. ಸುಣ್ಣದ ಗಡಿಗೆ ಹೊರುವವಳು ಅಕ್ಕ. ನೀರು ಇಳಿಯುತ್ತದೆ, ಮರು ವರ್ಷ ಮತ್ತೆ ಏರಿ ಹಿಂದಿನ ಕಲ್ಲುಗಳ ಸುಣ್ಣವನ್ನು ತೊಳೆಯುತ್ತದೆ. ಗಂಡಸರಾದ ನಾವು ಆ ದಿನ ಕಡಬು ತಿನ್ನುತ್ತೇವೆ, ಅಷ್ಟೆ. ಯಾವ ವರ್ಷ ಎಲ್ಲಿ ಇಟ್ಟರು ಎಂದು ಕೇಳಿದವರಿಲ್ಲ.

ಸುಡುವ ಬಿಸಿಲಿನಲ್ಲಿ ಅಕ್ಕ ಮುಂದೆ, ಹಿಂದೆ ಇಡೀ ಸಭೆ. ನೀರು ದೂರದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಅಲ್ಲಿಂದ ದಿಬ್ಬದವರೆಗೆ ಒಡೆದು ಬಿರುಕು ಬಿಟ್ಟ ಮಣ್ಣು. ಮುಳುಗಡೆ ಕಲ್ಲನ್ನು ದಾಟಿದೆವು. ಮೊದಲ ಸಾಲಿನ ಕೆಂಪು ಬಾವುಟಗಳನ್ನು ದಾಟಿದೆವು. ಎಂಜಿನಿಯರು, "ಇನ್ನೂ ಮೇಲಾ?" ಎಂದ. ಅಕ್ಕ ನಡೆಯುತ್ತಲೇ ಇದ್ದಳು. ಎರಡನೇ ಸಾಲಿನ ಬಾವುಟಗಳನ್ನೂ ದಾಟಿದ ಮೇಲೆ ಒಂದು ಜಾಲಿಯ ಪೊದೆಯ ಮುಂದೆ ಅಕ್ಕ ನಿಂತಳು. ಚಾಚಾನ ಕೈಯಿಂದ ಕೋಲು ಇಸಿದುಕೊಂಡು ಟೊಂಗೆಗಳನ್ನು ಸರಿಸಿದಳು.

ಐದು ಕಲ್ಲುಗಳು ಸಾಲಾಗಿ ಕುಳಿತಿದ್ದವು. ಸುಣ್ಣ ಇನ್ನೂ ಬೆಳ್ಳಗಿತ್ತು.

"ದೊಡ್ಡ ನೀರು ಬಂದ ವರ್ಷದ್ದು," ಎಂದಳು. "ಇಲ್ಲಿ ನೀರಿನ ದಂಡಿಗೆ ನಿಂತು ಇಟ್ಟೇನಿ. ಆಮ್ಯಾಲ ಇಷ್ಟು ಮ್ಯಾಲ ನೀರು ಬಂದಿಲ್ಲ. ಅದಕ್ಕ ಸುಣ್ಣ ಉಳದೈತಿ."

ಎಂಜಿನಿಯರು ಕೆಳಗೆ ನೋಡಿದ. ನಾವೆಲ್ಲರೂ ನೋಡಿದೆವು. ಬಾವುಟಗಳ ಎರಡು ಸಾಲುಗಳೂ ನಮ್ಮ ಕಾಲ ಕೆಳಗೆ ಇದ್ದವು. ಅಂದಿನವರೆಗೆ ದಿಬ್ಬ ನನಗೆ ದಿಬ್ಬವಾಗಿ ಕಂಡಿತ್ತು. ಆ ಕ್ಷಣ ಅದರ ಮೇಲೆ ನೀರು ನಿಂತಂತೆ ಕಂಡು ಕಾಲು ಹಿಂದೆ ತೆಗೆದೆ. ನನ್ನ ಪಕ್ಕದವನೂ ತೆಗೆದ. ಅಧ್ಯಕ್ಷೆ ಕೇಳಿದಳು, "ಇದು ಗೊತ್ತಿದ್ದೂ ಒಪ್ಪಿಗಿ ಕಾಗದ ಕೊಟ್ಟಿದ್ದೇನು ಅಕ್ಕಾ?"

"ಹೌದು," ಎಂದಳು ಅಕ್ಕ. "ನೀರು ಹತ್ತ ವರ್ಷಕ್ಕೊಮ್ಮಿ ಬರ್ತೈತಿ, ನಾ ಅಷ್ಟು ದಿನ ಇರಂಗಿಲ್ಲ ಅಂತ ಕೊಟ್ಟೆ. ನನಗ ಕಿಡಕಿ ಬೇಕಾಗಿತ್ತು." ಎಂಜಿನಿಯರನ್ನು ನೋಡಿ ಹೇಳಿದಳು: "ನಾ ಒಬ್ಬಾಕೀನೇ ಇದ್ರ ಇರ್ತಿದ್ದೆ. ಆದ್ರ ನೀವು ಮಂದೀನೂ ಕರೀತೀರಿ. ನೀರಾಗಿನ ಮನಿ ಬಿಟ್ಟು ಬಂದಾಕಿ ನಾ. ಮಂದೀನ ಕರದು ನೀರಾಗ ಕುಂಡ್ರಸೂದು ನನ್ನ ಕೈಲಿ ಆಗಂಗಿಲ್ಲ."

ಬಟ್ಟೆ ಒಗೆದ ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಲ್ಲಿದ್ದ ಹೆಂಗಸರಿಗೆಲ್ಲ ಆ ಐದು ಕಲ್ಲುಗಳು ಗೊತ್ತಿದ್ದವು ಎಂಬುದು ನನಗೆ ಆಗ ಹೊಳೆಯಿತು. ಅಕ್ಕನಿಗೊಂದು ಮನೆ ಸಿಗಲಿ ಎಂದು ಅವರೆಲ್ಲ ಬಾಯಿ ಮುಚ್ಚಿಕೊಂಡಿದ್ದರು.

ಮನೆಗೆ ಬಂದ ಮೇಲೆ ಅಕ್ಕ ಚಹಾ ಮಾಡಿಕೊಟ್ಟಳು. ನನ್ನ ಜೊತೆ ಮಾತಾಡಲಿಲ್ಲ. ಬಸ್ಸಿಗೆ ಹೊರಟಾಗ ಹೊಸ್ತಿಲಿನವರೆಗೂ ಬರಲಿಲ್ಲ. ಸಿಂದಗಿಗೆ ಬಂದು ಮೂರು ಪುಟ ಬರೆದೆ. ಹಾರೆಯ ತೂಕ, ಹಲಗೆಯ ಸದ್ದು, ಬೊಬ್ಬೆ, ಎಲ್ಲವನ್ನೂ ಬರೆದೆ. ನಾನು ಬಾಯಿ ತೆರೆದಿದ್ದರಿಂದಲೇ ಅಕ್ಕ ಏಳಬೇಕಾಯಿತು ಎಂದೂ ಬರೆದೆ. ಬರೆಯುವುದರಲ್ಲಿ ಸಣ್ಣ ಹೆಮ್ಮೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ರಜೆ. ಕಲ್ಲು ಕಿತ್ತ ವರ್ಷದ ಡೈರಿಯಲ್ಲಿ ಏನು ಬರೆದಿದ್ದೆನೋ ನೋಡೋಣವೆಂದು ಟ್ರಂಕು ತೆಗೆದೆ. ಆಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಆ ಬೇಸಿಗೆಯ ಪುಟಗಳಲ್ಲಿ ಎಲ್ಲಿಯೂ ಹೊಲವಿಲ್ಲ. ಪರೀಕ್ಷೆ, ಹಾಸ್ಟೆಲ್ಲಿನ ಊಟ, ಮತ್ತೆ ಪರೀಕ್ಷೆ. ಊರಿಗೆ ಹೋಗಿದ್ದೇ ಮಳೆ ಬಿದ್ದ ಮೇಲೆ. ಪುಟಗಳ ನಡುವೆ ಮಡಚಿಟ್ಟ ಒಂದು ಇನ್‌ಲ್ಯಾಂಡ್ ಪತ್ರ ಸಿಕ್ಕಿತು. ಅಕ್ಕನದು, ಅವಳ ಮದುವೆಗೆ ಮುಂಚಿನದು. ಊರವರು ಮದುವೆಗೆ ಹೋದಾಗ ಅಪ್ಪನೂ ತಾನೂ ಕಲ್ಲು ಕಿತ್ತದ್ದನ್ನು ಬರೆದಿದ್ದಳು. ಹಲಗೆ ಬಡಿಯುತ್ತಿದ್ದದ್ದನ್ನು ಬರೆದಿದ್ದಳು. ಕೊನೆಗೆ ಹೀಗಿತ್ತು: 'ಹಾರಿ ಹಿಡಿದು ನನ್ನ ಅಂಗೈಗೆ ಬೊಬ್ಬಿ ಎದ್ದಾವು. ಅದಕ್ಕ ಅಕ್ಷರ ಸೊಟ್ಟ ಆಗ್ಯಾವು. ನಗಬ್ಯಾಡ.'

ನನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡೆ. ಈಗಲೂ, ಪತ್ರ ಓದಿದ ಮೇಲೂ, ಹಾರೆಯ ಕಾವು ಆ ಅಂಗೈಗೆ ನೆನಪಿದೆ. ಊರಿನೆದುರು ಎದ್ದು ನಿಂತು ನಾನು ಒಪ್ಪಿಕೊಂಡ ತಪ್ಪು ನನ್ನದಾಗಿರಲಿಲ್ಲ. ಆ ತಪ್ಪಿನಿಂದಲೇ ಉಳಿದ ಹೊಲ, ಆ ಹೊಲದಿಂದಲೇ ಬರಬೇಕಿದ್ದ ಮನೆ. ಎರಡಕ್ಕೂ ಮೂಲ ಅಕ್ಕನ ಅಂಗೈ. ನಾನು ಅಕ್ಕನದೇ ನೆನಪನ್ನು ತೆಗೆದು ಅಕ್ಕನೆದುರೇ ಹೇಳಿದ್ದೆ. ಡೈರಿಯ ಪುಟಕ್ಕೆ ಅಡ್ಡಗೆರೆ ಎಳೆದದ್ದು ಆಗಲೇ.

ಎರಡು ವಾರ ಬಿಟ್ಟು ಹೋದೆ. ಅಷ್ಟರಲ್ಲಿ ಅಳತೆಯ ಯಂತ್ರ ತಂದು ನೋಡಿದರಂತೆ. ಅಕ್ಕನ ಕಲ್ಲುಗಳು ಸರಿಯಾಗಿದ್ದವು. ಬಾವುಟಗಳು ದಿಬ್ಬದ ಆ ಬದಿಗೆ, ಬೇರೆಯವರ ಹೊಲಕ್ಕೆ ಹೋಗಿದ್ದವು. ಅಕ್ಕನ ಪಟ್ಟಿ ಲೇಔಟಿನಿಂದ ಹೊರಗೆ. ಗೋಡೆಯ ಮೇಲೆ ಚಿತ್ರ ಇರಲಿಲ್ಲ. ಅಡುಗೆಯ ಮಾಡದಲ್ಲಿ ಖಾರದ ಡಬ್ಬಿಗಳ ಕೆಳಗೆ ಹಾಸಿದ್ದಳು, ನೀಲಿ ಬದಿ ಕೆಳಗೆ ಮಾಡಿ. "ಕಾಗದ ಛಲೋ ದಪ್ಪ ಐತಿ," ಎಂದಳು. ಮಾತಾಡಿದಳಲ್ಲ ಎಂದು ನನಗೆ ಜೀವ ಬಂತು.

ಇನ್‌ಲ್ಯಾಂಡ್ ಪತ್ರವನ್ನು ಅವಳ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದಳು. ಓದುತ್ತ ಓದುತ್ತ ನಗು ಬಂತು.

"ಸಭಾದಾಗ ನಾ ಹೇಳಿದ್ದು ಸುಳ್ಳು ಅಂತ ನಿನಗ ಗೊತ್ತಿತ್ತು," ಎಂದೆ. "ಯಾಕ ಹೇಳಲಿಲ್ಲ?"

"ನೀ ಹೇಳೂದು ಎಷ್ಟು ಚಂದ ಹೇಳಿದಿ ಅಂದ್ರ, ನನಗೂ ನೀನೇ ಇದ್ದಿ ಅನಿಸ್ತು." ಪತ್ರ ಮಡಚಿದಳು. ನಗು ಹೋಗಿತ್ತು. "ನಾ ಮಾಡಿದ್ದು ನೀ ಹೊತ್ಕೊಂಡು ನಿಂತಿದ್ದಿ. ನಿಂತಿ, ಮಂದಿ ನಕ್ರು, ನೀ ಕುಂತಿ. ಅಲ್ಲಿಗೆ ಮುಗೀತಿತ್ತು. ಮುಗದ್ರ ನನಗ ಮನಿ ಬರ್ತಿತ್ತು. ಅದನ್ನ ನೋಡಕೋತ ಕುಂದರಾಕ ಆಗಲಿಲ್ಲ, ಎದ್ದೆ. ನೀ ಸುಮ್ನ ಇದ್ದಿದ್ರ ನಾನೂ ಸುಮ್ನ ಇರ್ತಿದ್ದೆ ನೋಡು."

"ಸಿಟ್ಟು ಐತೇನು?"

"ಐತಿ," ಎಂದಳು. "ಹೋಗತೈತಿ."

ಹೊರಗೆ ಗಾಳಿ ಎದ್ದಿತು. ತಗಡಿನ ಮೂಲೆ ಬಡಿದುಕೊಂಡಿತು. ಅಕ್ಕ ಮೇಲೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಇನ್ನು ಅವಳು ಇರಬೇಕಾದದ್ದು ಇಲ್ಲಿಯೇ. ಚಾಚಾನ ಮನೆಗೆ ಹೋಗಿ ನಿಚ್ಚಣಿಕೆ, ಸುತ್ತಿಗೆ ಕೇಳಿ ತಂದೆ. ಮೇಲೆ ಹತ್ತಿ ಎರಡು ಮೊಳೆ ಸೊಟ್ಟ ಮಾಡಿದೆ, ಮೂರನೆಯದು ನೆಟ್ಟಗೆ ಇಳಿಯಿತು. ಕೆಳಗಿನಿಂದ ಅಕ್ಕ, "ಬಸ್ ಹ್ವಾದೀತು, ಇಳಿ," ಎಂದಳು. ಹೋಗಲಿ ಎಂದೆ. ಸಂಜೆಯ ಹೊತ್ತಿಗೆ ಬಲಗೈ ಹೆಬ್ಬೆರಳಿನ ಬುಡದಲ್ಲಿ ಸಣ್ಣದೊಂದು ಬೊಬ್ಬೆ ಎದ್ದಿತ್ತು. ಅದನ್ನು ಅಂದೇ, ಅಲ್ಲೇ ಕುಳಿತು, ತಾರೀಕು ಹಾಕಿ ಬರೆದುಕೊಂಡೆ.